ಬಿಸಿಲು ನೆರಳಿನ ಕಾಡುದಾರಿಗೆ ಪವರ್ ಲೆನ್ಸ್: ಮೌಂಟನ್ ಬೈಕ್ ಸವಾರರಿಗೆ ಸಮಗ್ರ ಮಾರ್ಗದರ್ಶಿ

ಚಿಕ್ಕಮಗಳೂರು, ಸಕಲೇಶಪುರ, ಕೊಡಗಿನ ಬೆಟ್ಟಗಳಲ್ಲಿ ಸೈಕಲ್ ಇಳಿಸುವವರಿಗೆ ಒಂದೇ ಇಳಿಜಾರಿನಲ್ಲಿ ಮೂರು ಬಗೆಯ ಬೆಳಕು ಎದುರಾಗುತ್ತದೆ. ನೆತ್ತಿಯಲ್ಲಿ ಬಟಾಬಯಲು ಹುಲ್ಲುಗಾವಲು, ಕಣಿವೆಯ ಮಡಿಲಲ್ಲಿ ದಟ್ಟ ಶೋಲಾ ಕಾಡು, ಅದಕ್ಕೂ ಕೆಳಗೆ ಸಿಲ್ವರ್ ಓಕ್ ಮರಗಳ ಚುಕ್ಕೆ ನೆರಳಿನ ಕಾಫಿ ತೋಟ. ಕಣ್ಣು ನೆಟ್ಟಗಿರುವವರು ಸಿಕ್ಕ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಹೊರಡಬಹುದು, ಕತ್ತಲೆನಿಸಿದರೆ ತೆಗೆದು ಜೇಬಿಗಿಡಬಹುದು. ಪವರ್ ಇರುವವರಿಗೆ ಆ ಅನುಕೂಲ ಇಲ್ಲ. ಕನ್ನಡಕ ತೆಗೆದರೆ ಬೇರು ಯಾವುದು, ಬೇರಿನ ನೆರಳು ಯಾವುದು ಎಂಬುದೇ ತಿಳಿಯದು. ಮುಖದ ಮೇಲಿರುವ ಒಂದು ಜೊತೆ ಲೆನ್ಸೇ ಎಲ್ಲ ಬೆಳಕಿಗೂ ಒದಗಬೇಕು.

ಹಾಗಾಗಿ ಆಯ್ಕೆ ಮಾಡುವಾಗ ಒಂದು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಿ: ದಾರಿಯ ಅತಿ ಕತ್ತಲಿನ ತುಣುಕಿಗೆ ಲೆನ್ಸ್ ಆರಿಸಬೇಕು. ಬಿಸಿಲು ಹೆಚ್ಚಾದರೆ ಹೆಲ್ಮೆಟ್ಟಿನ ವೈಸರ್ ಇದೆ, ಕಣ್ಣು ಕಿರಿದು ಮಾಡಬಹುದು, ಪಾಪೆ ತಾನೇ ಕುಗ್ಗುತ್ತದೆ. ಬೆಳಕು ಸಾಲದಾದಾಗ ಬ್ರೇಕ್ ಹಿಡಿಯುವುದು ಬಿಟ್ಟರೆ ಸವಾರನ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಬೆಳಕಿನ ಲೆಕ್ಕ

ನಡುಹಗಲ ನೇರ ಬಿಸಿಲಿನಲ್ಲಿ ನೆಲದ ಮೇಲೆ ಸುಮಾರು 1,00,000 ಲಕ್ಸ್ ಬೆಳಕು ಬೀಳುತ್ತದೆ (ಲಕ್ಸ್ ಎಂದರೆ ಬೆಳಕಿನ ಅಳತೆ). ದಟ್ಟ ನಿತ್ಯಹರಿದ್ವರ್ಣ ಕಾಡಿನ ನೆಲ ಮುಟ್ಟುವುದು ಅದರ ಶೇ. 1ರಿಂದ 2ರಷ್ಟು ಮಾತ್ರ, ಅಂದರೆ 1,000ದಿಂದ 2,000 ಲಕ್ಸ್. ಶೇ. 15ರಷ್ಟು ಬೆಳಕು ಬಿಡುವ ಮಾಮೂಲಿ ಕೂಲಿಂಗ್ ಗ್ಲಾಸ್ ಹಾಕಿ ಅಲ್ಲಿಗೆ ನುಗ್ಗಿದರೆ ಕಣ್ಣಿಗೆ ದಕ್ಕುವುದು 150ರಿಂದ 300 ಲಕ್ಸ್. ಮನೆಯೊಳಗೆ ಟ್ಯೂಬ್‌ಲೈಟ್ ಹಾಕಿದ ಕೋಣೆಯ ಬೆಳಕು ಅದು. ಮೋಡ ಕವಿದ ದಿನ ಬಯಲಿನ ಬೆಳಕೇ 10,000 ಲಕ್ಸ್ ಆಸುಪಾಸಿಗೆ ಇಳಿದಿರುತ್ತದೆ. ಆಗ ಅದೇ ಲೆನ್ಸಿನ ಹಿಂದೆ, ಅದೇ ಕಾಡಿನೊಳಗೆ ಉಳಿಯುವುದು 15ರಿಂದ 30 ಲಕ್ಸ್. ಆ ಬೆಳಕಿನಲ್ಲಿ ಒದ್ದೆ ಬೇರಿಗೂ ಒದ್ದೆ ಮಣ್ಣಿಗೂ ವ್ಯತ್ಯಾಸ ಕಾಣುವುದಿಲ್ಲ.

ಇನ್ನು ವೇಗ. ಗಂಟೆಗೆ 20 ಕಿ.ಮೀ. ಎಂದರೆ ಸೆಕೆಂಡಿಗೆ ಐದೂವರೆ ಮೀಟರ್. ಕಣ್ಣಿನ ಪಾಪೆ ಬೆಳಕಿಗೆ ಕುಗ್ಗುವುದು ಬೇಗ, ಕತ್ತಲಿಗೆ ಹಿಗ್ಗುವುದು ನಿಧಾನ. ಅಕ್ಷಿಪಟಲ ಕತ್ತಲಿಗೆ ಒಗ್ಗಿಕೊಳ್ಳಲು ಅದಕ್ಕಿಂತಲೂ ಹೆಚ್ಚು ಹೊತ್ತು ಬೇಕು. ನೆರಳಿಗೆ ನುಗ್ಗಿದ ಮೊದಲ ಎರಡು ಸೆಕೆಂಡಿನಲ್ಲಿ ನೀವು 11 ಮೀಟರ್ ಮುಂದೆ ಹೋಗಿರುತ್ತೀರಿ. ಬೀಳುವುದು ಹೆಚ್ಚಾಗಿ ಆ 11 ಮೀಟರಿನಲ್ಲೇ. ನೆರಳಿನಿಂದ ಬಿಸಿಲಿಗೆ ಬರುವಾಗಿನ ಕಣ್ಣು ಕೋರೈಸುವಿಕೆ ಕಿರಿಕಿರಿ ಹೌದು, ಅಪಾಯ ಅಷ್ಟಿಲ್ಲ.

ಹೆಜ್ಜೆ 1: ಮೊದಲು ಪವರ್ ಸರಿಯಾಗಲಿ

ಬಣ್ಣದ ಮಾತಿಗೆ ಹೋಗುವ ಮುಂಚೆ ಕಣ್ಣು ಪರೀಕ್ಷೆ ಮಾಡಿಸಿ. ಚೀಟಿ ಒಂದು ವರ್ಷಕ್ಕಿಂತ ಹಳೆಯದಾದರೆ ಹೊಸದಾಗಿಯೇ ಮಾಡಿಸಿ. ಕಾರಣ ಇದೆ. ಬಿಸಿಲಿನಲ್ಲಿ ಪಾಪೆ ಸೂಜಿಕಣ್ಣಿನಂತೆ ಸಣ್ಣದಾಗುವುದರಿಂದ ಪವರಿನ ಸಣ್ಣ ತಪ್ಪುಗಳು ಮುಚ್ಚಿಹೋಗುತ್ತವೆ. ನೆರಳಿನಲ್ಲಿ ಪಾಪೆ ಹಿಗ್ಗಿದಾಗ ಅವೇ ತಪ್ಪುಗಳು ಮಸುಕಾಗಿ ಎದ್ದು ಬರುತ್ತವೆ. 0.50 ಸಿಲಿಂಡರ್ (ಒಂದು ದಿಕ್ಕಿಗೆ ಮಾತ್ರ ಬೇಕಾಗುವ ಪವರ್) ಇರುವವರಿಗೆ "ಇದು ಸಣ್ಣದು, ಬಿಟ್ಟರೂ ನಡೆಯುತ್ತದೆ" ಎಂದು ಹೇಳುವುದುಂಟು. ಆಫೀಸಿಗೆ ನಡೆಯಬಹುದು, ಕಾಡುದಾರಿಗೆ ನಡೆಯದು. ಚೀಟಿಯಲ್ಲಿ ಸಿಲಿಂಡರ್, ಅದರ ದಿಕ್ಕು ಹೇಳುವ ಆಕ್ಸಿಸ್ ಎರಡೂ ಇರಲಿ, ಲೆನ್ಸಿನಲ್ಲೂ ಇರಲಿ.

ಪಿ.ಡಿ., ಅಂದರೆ ಎರಡು ಪಾಪೆಗಳ ನಡುವಿನ ಅಂತರವನ್ನು ಎರಡು ಕಣ್ಣಿಗೂ ಬೇರೆ ಬೇರೆಯಾಗಿ, ಮೂಗಿನ ನಡುವಿನಿಂದ ಅಳೆಸಿ. 62 ಮಿ.ಮೀ. ಎಂದು ಒಟ್ಟು ಬರೆದುಕೊಂಡು ಅರ್ಧ ಮಾಡುವುದು ಬೇಡ. ಬಲಕ್ಕೆ 32, ಎಡಕ್ಕೆ 30 ಇರುವ ಮುಖಗಳು ಬೇಕಾದಷ್ಟಿವೆ. −4 ಪವರಿನ ಲೆನ್ಸಿನ ಕೇಂದ್ರ 2 ಮಿ.ಮೀ. ಆಚೀಚೆಯಾದರೆ 0.8 ಪ್ರಿಸಂ ಡಯಾಪ್ಟರಿನಷ್ಟು ನೋಟದ ವಾಲುವಿಕೆ ಸೇರಿಕೊಳ್ಳುತ್ತದೆ. ಗಂಟೆಗಟ್ಟಲೆ ಕುಲುಕುವ ದಾರಿಯಲ್ಲಿ ಅದು ತಲೆನೋವಾಗಿಯೂ, ದೂರದ ಅಂದಾಜು ತಪ್ಪುವುದಾಗಿಯೂ ಕಾಣಿಸಿಕೊಳ್ಳುತ್ತದೆ.

ನಲವತ್ತು ದಾಟಿದವರಿಗೆ ಒಂದು ಖಡಾಖಂಡಿತ ಸಲಹೆ: ಸೈಕಲ್ ಕನ್ನಡಕಕ್ಕೆ ಪ್ರೋಗ್ರೆಸಿವ್ ಅಥವಾ ಬೈಫೋಕಲ್ ಹಾಕಿಸಬೇಡಿ. ಅವುಗಳ ಕೆಳಭಾಗ ಓದುವ ದೂರಕ್ಕೆ ಇರುತ್ತದೆ. ಇಳಿಜಾರಿನಲ್ಲಿ ಮುಂಚಕ್ರದ ಮುಂದಿನ ಎರಡು ಮೂರು ಮೀಟರ್ ನೆಲವನ್ನು ನೀವು ಅದೇ ಕೆಳಭಾಗದಿಂದ ನೋಡುತ್ತೀರಿ, ನೆಲ ಮಸುಕಾಗಿ ಮೇಲೆದ್ದಂತೆ ಕಾಣುತ್ತದೆ. ಬರೀ ದೂರದ ಪವರಿನ ಸಿಂಗಲ್ ವಿಷನ್ ಸಾಕು. ಹ್ಯಾಂಡಲ್ ಮೇಲಿನ ಮೀಟರಿನ ಅಂಕಿಗಳನ್ನು ದಪ್ಪ ಮಾಡಿಕೊಳ್ಳಿ.

ಹೆಜ್ಜೆ 2: ಪವರನ್ನು ಮುಖಕ್ಕೆ ತರುವ ಮೂರು ದಾರಿ

ಮೊದಲನೆಯದು, ಫ್ರೇಮಿಗೇ ಪವರ್ ಲೆನ್ಸ್ ಕೂರಿಸುವುದು. ನೋಟ ಇದರಲ್ಲೇ ಎಲ್ಲಕ್ಕಿಂತ ಶುದ್ಧ. ತೊಡಕು ಬರುವುದು ಫ್ರೇಮಿನ ಬಾಗಿನಲ್ಲಿ. ಸ್ಪೋರ್ಟ್ಸ್ ಫ್ರೇಮುಗಳು ಗಾಳಿ, ದೂಳು ತಡೆಯಲೆಂದು ಕಿವಿಯ ಕಡೆಗೆ ಬಾಗಿರುತ್ತವೆ. ಲೆನ್ಸು ಕಣ್ಣಿಗೆ ನೇರವಾಗಿ ನಿಲ್ಲದೆ ಓರೆಯಾದಾಗ ಅದರ ಪವರೇ ಬದಲಾಗುತ್ತದೆ. −4 ಪವರಿನ ಪಾಲಿಕಾರ್ಬೊನೇಟ್ (ಪೆಟ್ಟು ತಾಳುವ ಪ್ಲಾಸ್ಟಿಕ್) ಲೆನ್ಸ್ 10 ಡಿಗ್ರಿ ಓರೆಯಾದರೆ ಇಲ್ಲದ ಸಿಲಿಂಡರ್ ಸುಮಾರು 0.13 ಹುಟ್ಟಿಕೊಳ್ಳುತ್ತದೆ; 15 ಡಿಗ್ರಿಗೆ 0.29, 20 ಡಿಗ್ರಿಗೆ 0.55. ಜೊತೆಗೆ 20 ಡಿಗ್ರಿಯಲ್ಲಿ −4 ಎಂಬುದು −4.15ರಂತೆ ವರ್ತಿಸುತ್ತದೆ. ಮೊದಲ ಹೆಜ್ಜೆಯಲ್ಲಿ ಜೋಪಾನವಾಗಿ ಸರಿಪಡಿಸಿದ ಸಿಲಿಂಡರನ್ನು ಫ್ರೇಮು ಮತ್ತೆ ತಂದು ಕೂರಿಸಿದಂತಾಯಿತು. ಇದಕ್ಕೆ ಪರಿಹಾರ ಇದೆ. ಫ್ರೇಮಿನ ಬಾಗು, ಮುಂದಕ್ಕಿರುವ ಓರೆ, ಲೆನ್ಸಿಗೂ ಕಣ್ಣಿಗೂ ಇರುವ ದೂರ, ಈ ಮೂರನ್ನೂ ಅಳೆದು ಕಳಿಸಿದರೆ ಫ್ರೀಫಾರ್ಮ್ ಯಂತ್ರ ಇರುವ ಲ್ಯಾಬು ಅದಕ್ಕೆ ತಕ್ಕಂತೆ ತಿದ್ದಿದ ಪವರನ್ನು ಕಡೆದು ಕೊಡುತ್ತದೆ. "ರ್‍ಯಾಪ್ ಕಾಂಪನ್ಸೇಶನ್ ಮಾಡುತ್ತೀರಾ?" ಎಂದು ಅಂಗಡಿಯಲ್ಲಿ ಕೇಳಿ. ಪ್ರಶ್ನೆಯೇ ಅರ್ಥವಾಗದ ಅಂಗಡಿಯಲ್ಲಿ ಬಾಗಿದ ಫ್ರೇಮಿಗೆ ಲೆನ್ಸ್ ಹಾಕಿಸಬೇಡಿ.

ಹೆಚ್ಚು ಬಾಗಿರುವ 8 ಬೇಸ್ ಫ್ರೇಮು ±3ರ ತನಕ ಹಿತ. −4, −5 ಇರುವವರು ಬಾಗು ಕಡಿಮೆಯಿರುವ 6 ಬೇಸ್ ಫ್ರೇಮು ಹುಡುಕಲಿ, ಲೆನ್ಸಿನ ಅಗಲ ಆದಷ್ಟು ಕಿರಿದಿರಲಿ. ಮೈನಸ್ ಲೆನ್ಸಿನ ಅಂಚು ದಪ್ಪ, ಬಾಗಿದ ಫ್ರೇಮಿನಲ್ಲಿ ಆ ಅಂಚು ಕೆನ್ನೆಗೆ, ರೆಪ್ಪೆಗೆ ತಾಗುತ್ತದೆ. ಅದಕ್ಕೂ ಮೇಲಿನ ಪವರಿಗೆ ಮುಂದಿನ ಎರಡು ದಾರಿ.

ಎರಡನೆಯದು ಇನ್ಸರ್ಟ್. ಹೊರಗೆ ಪವರ್ ಇಲ್ಲದ ದೊಡ್ಡ ಶೀಲ್ಡ್, ಒಳಗೆ ಮೂಗಿನ ಬಳಿ ಸಿಕ್ಕಿಸುವ ಪುಟ್ಟ ಫ್ರೇಮಿನಲ್ಲಿ ನಿಮ್ಮ ಪವರ್. ಬೆಳಕಿಗೆ ತಕ್ಕಂತೆ ಹೊರಗಿನ ಶೀಲ್ಡ್ ಬದಲಿಸಬಹುದು, ಪವರ್ ಬದಲಾದರೆ ಒಳಗಿನ ಸಣ್ಣ ಲೆನ್ಸ್ ಮಾತ್ರ ಹೊಸದು ಮಾಡಿಸಿದರಾಯಿತು. ಆದರೆ ಗಾಳಿ ಸುಳಿಯುವ ಜಾಗ ಕಿರಿದಾಗುವುದರಿಂದ ಮಂಜು ಬೇಗ ಕಟ್ಟುತ್ತದೆ. ಬೆಳಕಿನ ನಷ್ಟವೂ ಇದೆ. ಪಾಲಿಕಾರ್ಬೊನೇಟಿನ ಪ್ರತಿ ಮೈಯೂ ಸುಮಾರು ಶೇ. 5 ಬೆಳಕನ್ನು ಹಿಂದಕ್ಕೆ ಹೊಳೆಯಿಸುತ್ತದೆ. ಕೋಟಿಂಗ್ ಇಲ್ಲದ ಒಂದು ತಿಳಿ ಲೆನ್ಸ್ ಬಿಡುವುದು ಶೇ. 90, ಎರಡು ಪದರವಾದಾಗ ಶೇ. 81. ಇನ್ಸರ್ಟಿನ ಲೆನ್ಸಿಗೆ ಎರಡೂ ಕಡೆ ಆ್ಯಂಟಿ ರಿಫ್ಲೆಕ್ಷನ್ ಕೋಟಿಂಗ್ ಹಾಕಿಸಲೇಬೇಕು.

ಮೂರನೆಯದು ಕಾಂಟ್ಯಾಕ್ಟ್ ಲೆನ್ಸ್ ಹಾಕಿ ಮೇಲೆ ಪವರ್ ಇಲ್ಲದ ಸ್ಪೋರ್ಟ್ಸ್ ಕನ್ನಡಕ. −5ಕ್ಕಿಂತ ಹೆಚ್ಚಿರುವವರಿಗೆ ನೋಟದ ಅಗಲ ಇದರಲ್ಲಿ ಹೆಚ್ಚು ಸಿಗುತ್ತದೆ, ಬಾಗಿನ ಕಾಟವಿಲ್ಲ. ದಿನಕ್ಕೊಂದು ಎಸೆಯುವ ಬಗೆಯನ್ನೇ ಬಳಸಿ, ಒಂದು ಹೆಚ್ಚುವರಿ ಜೊತೆ ಮತ್ತು ಮಡಚಿಟ್ಟ ಮಾಮೂಲಿ ಕನ್ನಡಕ ಬ್ಯಾಗಿನಲ್ಲಿರಲಿ. ಹಳ್ಳ ದಾಟುವಾಗ ಕಣ್ಣಿಗೆ ನೀರು ಎರಚಿದರೆ ಲೆನ್ಸ್ ತೆಗೆದು ಬಿಸಾಡಿ. ಕೆರೆ, ಹಳ್ಳದ ನೀರಿನಲ್ಲಿರುವ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಲೆನ್ಸಿನ ಅಡಿ ಸೇರಿಕೊಂಡು ಕಾರ್ನಿಯಾಕ್ಕೆ ಮಾಡುವ ಹಾನಿ ತುಂಬ ಗಂಭೀರವಾದದ್ದು. ತೊಳೆಯದ ಕೈಯಲ್ಲಿ ದಾರಿಮಧ್ಯೆ ಲೆನ್ಸ್ ಸರಿಪಡಿಸಿಕೊಳ್ಳುವುದೂ ಬೇಡ.

ಹೆಜ್ಜೆ 3: ಲೆನ್ಸು ಯಾವುದರಿಂದ ಮಾಡಿದ್ದು

ಗಾಜು ಬೇಡವೇ ಬೇಡ. ಅಂಗಡಿಯ ಮಾಮೂಲಿ ಪ್ಲಾಸ್ಟಿಕ್, ಅಂದರೆ ಸಿಆರ್-39, ನೋಟಕ್ಕೆ ಒಳ್ಳೆಯದು, ಪೆಟ್ಟಿಗೆ ಒಳ್ಳೆಯದಲ್ಲ. ಒಡೆದರೆ ಚೂಪು ಚೂರುಗಳಾಗುತ್ತದೆ. 1.67, 1.74 ಎಂಬ "ತೆಳು ಲೆನ್ಸ್"ಗಳನ್ನು ಹೆಚ್ಚಿನ ಪವರಿನವರಿಗೆ ಒತ್ತಾಯದಿಂದ ಮಾರುತ್ತಾರೆ. ಅವುಗಳ ತಾಳಿಕೆ ಪಾಲಿಕಾರ್ಬೊನೇಟಿನ ಹತ್ತಿರಕ್ಕೂ ಬರುವುದಿಲ್ಲ. ಮುಂದಿನ ಸೈಕಲ್ಲಿನ ಚಕ್ರ ಎಸೆದ ಕಲ್ಲು, ಮುಖಕ್ಕೆ ಬಡಿಯುವ ಕಾಫಿ ರೆಂಬೆ, ಬಿದ್ದಾಗ ಹ್ಯಾಂಡಲಿನ ತುದಿ ಇವೆಲ್ಲ ಇರುವಲ್ಲಿ ಆಯ್ಕೆ ಎರಡೇ: ಪಾಲಿಕಾರ್ಬೊನೇಟ್ ಅಥವಾ ಟ್ರೈವೆಕ್ಸ್ ಎಂಬ ಇನ್ನೊಂದು ಪ್ಲಾಸ್ಟಿಕ್.

ಪಾಲಿಕಾರ್ಬೊನೇಟಿನ ಇಂಡೆಕ್ಸ್ (ಬೆಳಕನ್ನು ಬಾಗಿಸುವ ಅಳತೆ) 1.586, ಆಬೆ ಮೌಲ್ಯ 30. ಟ್ರೈವೆಕ್ಸಿನದು 1.53 ಮತ್ತು 43ರಿಂದ 45. ಆಬೆ ಮೌಲ್ಯ ಕಡಿಮೆಯಿದ್ದಷ್ಟೂ ಲೆನ್ಸಿನ ಅಂಚಿನಿಂದ ನೋಡುವಾಗ ಬಿಳಿ ಕಲ್ಲಿನ ಸುತ್ತ ನೀಲಿ, ಹಳದಿ ಗೆರೆ ಕಾಣುವುದು ಹೆಚ್ಚು. −2, −3ರ ತನಕ ಅದು ಗಮನಕ್ಕೇ ಬರುವುದಿಲ್ಲ, ಪಾಲಿಕಾರ್ಬೊನೇಟ್ ಧಾರಾಳ ಸಾಕು. −4ರಿಂದ ಮೇಲೆ, ಹಣ ಕೈಗೆಟುಕಿದರೆ, ಟ್ರೈವೆಕ್ಸ್ ಹಾಕಿಸಿ. ಸ್ವಲ್ಪ ದಪ್ಪವಾಗುತ್ತದೆ, ಆದರೆ ಸಾಂದ್ರತೆ 1.11 ಮಾತ್ರ ಇರುವುದರಿಂದ ಭಾರವಾಗುವುದಿಲ್ಲ. ಯಾವುದೇ ಆದರೂ ಮಧ್ಯದ ದಪ್ಪ 2 ಮಿ.ಮೀ.ಗಿಂತ ಕಡಿಮೆ ಬೇಡ. ತೂಕ ಉಳಿಸಲೆಂದು ಲ್ಯಾಬುಗಳು ಇನ್ನೂ ತೆಳ್ಳಗೆ ಕಡೆಯುವುದುಂಟು, ಹಾಗಾಗಿ ಆರ್ಡರಿನಲ್ಲೇ ಬರೆಸಿ.

ಫ್ರೇಮಿನ ಮೇಲೆ ಅಮೆರಿಕದ ಝಡ್87+ ಅಥವಾ ಯುರೋಪಿನ ಇಎನ್ 166 ಎಫ್ ಗುರುತು ಇದ್ದರೆ ಒಳ್ಳೆಯದು. ಮೊದಲನೆಯದರಲ್ಲಿ 6.35 ಮಿ.ಮೀ. ಉಕ್ಕಿನ ಗುಂಡನ್ನು, ಎರಡನೆಯದರಲ್ಲಿ 6 ಮಿ.ಮೀ. ಗುಂಡನ್ನು ಸೆಕೆಂಡಿಗೆ ಸುಮಾರು 45 ಮೀಟರ್ ವೇಗದಲ್ಲಿ ಹೊಡೆದು ನೋಡಿರುತ್ತಾರೆ. ಆ ಪರೀಕ್ಷೆ ಮೂಲ ಲೆನ್ಸಿನೊಂದಿಗೆ ನಡೆದದ್ದು ಎಂಬುದು ನೆನಪಿರಲಿ. ಅದನ್ನು ತೆಗೆಸಿ ಬೇರೆ ಲೆನ್ಸ್ ಹಾಕಿಸಿದ ಮೇಲೆ ಫ್ರೇಮಿನ ಗುರುತು ಹೊಸ ಲೆನ್ಸಿಗೆ ಅನ್ವಯಿಸುವುದಿಲ್ಲ.

ಹೆಜ್ಜೆ 4: ಎಷ್ಟು ಗಾಢ, ಯಾವ ಬಣ್ಣ

ಲೆನ್ಸು ಎಷ್ಟು ಬೆಳಕನ್ನು ಒಳಬಿಡುತ್ತದೆ ಎಂಬುದನ್ನು ವಿಎಲ್‌ಟಿ ಎಂದು ಶೇಕಡಾ ಲೆಕ್ಕದಲ್ಲಿ ಹೇಳುತ್ತಾರೆ. ಅದನ್ನೇ ಐದು ದರ್ಜೆಯಾಗಿ ವಿಂಗಡಿಸಿದ್ದಾರೆ: 0 ದರ್ಜೆ ಶೇ. 80ಕ್ಕಿಂತ ಹೆಚ್ಚು, 1 ಎಂದರೆ 43ರಿಂದ 80, 2 ಎಂದರೆ 18ರಿಂದ 43, 3 ಎಂದರೆ 8ರಿಂದ 18, 4 ಎಂದರೆ 3ರಿಂದ 8. ಅಂಗಡಿಯ ಬಹುತೇಕ ಕೂಲಿಂಗ್ ಗ್ಲಾಸುಗಳು 3ನೇ ದರ್ಜೆಯವು. ರಸ್ತೆಗೆ, ಸಮುದ್ರತೀರಕ್ಕೆ ಸರಿ, ಕಾಡಿಗೆ ಅತಿ ಕಪ್ಪು. 4ನೇ ದರ್ಜೆ ಹಾಕಿಕೊಂಡು ವಾಹನವನ್ನೇ ಓಡಿಸಬಾರದು.

ಮಲೆನಾಡಿನ ಮಿಶ್ರ ದಾರಿಗೆ ಒಂದೇ ಜೊತೆ ಮಾಡಿಸುವುದಾದರೆ ನಮ್ಮ ಆಯ್ಕೆ ಶೇ. 45ರಿಂದ 55 ಬೆಳಕು ಬಿಡುವ, ಬದಲಾಗದ ಟಿಂಟ್ (ಲೆನ್ಸಿಗೆ ಕೊಡುವ ಬಣ್ಣ). ಮೇಲಿನ ಲೆಕ್ಕಕ್ಕೆ ಇದನ್ನು ಹಾಕಿ ನೋಡಿ: 2,000 ಲಕ್ಸ್ ಇರುವ ಕಾಡಿನಲ್ಲಿ ಕಣ್ಣಿಗೆ ಸುಮಾರು 1,000 ಲಕ್ಸ್ ಸಿಗುತ್ತದೆ, ಬಯಲಿನಲ್ಲಿ ಬಿಸಿಲು ಅರ್ಧಕ್ಕಿಳಿಯುತ್ತದೆ. ಹುಲ್ಲುಗಾವಲಿನಲ್ಲಿ ಸ್ವಲ್ಪ ಕಣ್ಣು ಕಿರಿದು ಮಾಡಬೇಕಾಗುತ್ತದೆ, ಅಷ್ಟೇ.

ಬಣ್ಣದಲ್ಲಿ ಬೂದು ಎಲ್ಲ ಬಣ್ಣಗಳನ್ನೂ ಸಮನಾಗಿ ತಗ್ಗಿಸುತ್ತದೆ, ಕಣ್ಣಿಗೆ ತಂಪು, ಆದರೆ ನೆಲದ ಏರುತಗ್ಗನ್ನು ಎತ್ತಿ ತೋರಿಸುವುದಿಲ್ಲ. ತಾಮ್ರ, ಕಂದು, ಗುಲಾಬಿ ಛಾಯೆಗಳು ನೀಲಿ ಬೆಳಕನ್ನು ಕತ್ತರಿಸುತ್ತವೆ. ನೆರಳಿನೊಳಗಿನ ಬೆಳಕಿನಲ್ಲಿ ಆಕಾಶದ ಚದುರಿದ ನೀಲಿ ಇರುತ್ತದೆ; ಅದು ಕಡಿಮೆಯಾದಾಗ ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣು, ಬೇರು, ಒಣ ಎಲೆ ಇವುಗಳ ಅಂಚು ಬೇರೆ ಬೇರೆಯಾಗಿ ನಿಲ್ಲುತ್ತದೆ. ಹಳದಿ ಛಾಯೆ ಮೋಡದ ದಿನಕ್ಕೆ ಚೆನ್ನ, ಬಿಸಿಲಿಗೆ ಬಂದಾಗ ಕಣ್ಣು ಚುಚ್ಚುತ್ತದೆ. ಮೇಲೆ ಗಾಢ, ಕೆಳಗೆ ತಿಳಿ ಇರುವ ಗ್ರೇಡಿಯೆಂಟ್ ಟಿಂಟ್ ಬೇಡ. ಸೈಕಲ್ ಮೇಲೆ ತಲೆ ಬಾಗಿರುವುದರಿಂದ ದೂರದ ದಾರಿಯನ್ನು ನೋಡುವುದು ಲೆನ್ಸಿನ ಮೇಲ್ಭಾಗದಿಂದ. ಕಪ್ಪು ಇರುವುದೂ ಅಲ್ಲೇ.

ಜೂನ್‌ನಿಂದ ಸೆಪ್ಟೆಂಬರ್ ತನಕದ ಮಳೆ, ಮಂಜಿನ ತಿಂಗಳುಗಳಿಗೆ ಮತ್ತು ರಾತ್ರಿ ಸವಾರಿಗೆ ಇನ್ನೊಂದು ಜೊತೆ ತಿಳಿ ಲೆನ್ಸ್ ಮಾಡಿಸಿಡಿ, ಎರಡೂ ಕಡೆ ಆ್ಯಂಟಿ ರಿಫ್ಲೆಕ್ಷನ್ ಇರಲಿ. ಶೇ. 90 ಇದ್ದದ್ದು 98ರ ಹತ್ತಿರ ಹೋಗುತ್ತದೆ. ಕತ್ತಲಿನಲ್ಲಿ ಆ ವ್ಯತ್ಯಾಸ ದೊಡ್ಡದು.

ಫೋಟೋಕ್ರೋಮಿಕ್: ಎಲ್ಲಿ ಒದಗುತ್ತದೆ, ಎಲ್ಲಿ ಕೈಕೊಡುತ್ತದೆ

ಬಿಸಿಲಿಗೆ ತಾನೇ ಕಪ್ಪಾಗುವ ಲೆನ್ಸನ್ನು "ಬದಲಾಗುವ ಬೆಳಕಿಗೆ ಉತ್ತರ" ಎಂದು ಮಾರುತ್ತಾರೆ. ಅರ್ಧ ನಿಜ. ಗಂಟೆಗಳ ಲೆಕ್ಕದಲ್ಲಿ ಬದಲಾಗುವ ಬೆಳಕಿಗೆ ಅದು ಉತ್ತರ ಹೌದು. ಬೆಳಗ್ಗೆ ಆರಕ್ಕೆ ಮಂಜಿನಲ್ಲಿ ಹೊರಟು ಹನ್ನೊಂದಕ್ಕೆ ಬಿಸಿಲಿನಲ್ಲಿ ಮುಗಿಸುವ ಸವಾರಿಗೆ ಅದಕ್ಕಿಂತ ಅನುಕೂಲದ್ದು ಇನ್ನೊಂದಿಲ್ಲ. ಸೆಕೆಂಡುಗಳ ಲೆಕ್ಕದಲ್ಲಿ ಬದಲಾಗುವ ಬೆಳಕಿಗೆ ಅದು ಉತ್ತರ ಅಲ್ಲ. ಕಪ್ಪಾಗುವ ಕೆಲಸದ ಬಹುಪಾಲು ಮೊದಲ ಅರ್ಧ, ಒಂದು ನಿಮಿಷದಲ್ಲಿ ಮುಗಿಯುತ್ತದೆ. ಮತ್ತೆ ತಿಳಿಯಾಗಲು ಹಲವು ನಿಮಿಷ ಬೇಕು. ಹುಲ್ಲುಗಾವಲಿನಲ್ಲಿ 3ನೇ ದರ್ಜೆಗೆ ಕಪ್ಪಾದ ಲೆನ್ಸ್ ಹೊತ್ತು ಶೋಲಾಕ್ಕೆ ನುಗ್ಗಿದರೆ, ಅದು ತಿಳಿಯಾಗುವಷ್ಟರಲ್ಲಿ ಕಾಡೇ ಮುಗಿದಿರುತ್ತದೆ.

ಇದರ ಒಳಗುಟ್ಟು ಗೊತ್ತಿದ್ದರೆ ಮೋಸಹೋಗುವುದಿಲ್ಲ. ಲೆನ್ಸಿನಲ್ಲಿರುವ ಅಣುಗಳು ಅತಿನೇರಳೆ ಕಿರಣ ಬಿದ್ದಾಗ ಆಕಾರ ಬದಲಿಸಿ ಬಣ್ಣ ತಾಳುತ್ತವೆ, ಶಾಖದಿಂದ ಮತ್ತೆ ಮೊದಲಿನಂತಾಗುತ್ತವೆ. ಹಾಗಾಗಿ ಚಳಿಯಲ್ಲಿ ಹೆಚ್ಚು ಕಪ್ಪಾಗಿ ನಿಧಾನಕ್ಕೆ ತಿಳಿಯಾಗುತ್ತದೆ, ಸೆಕೆಯಲ್ಲಿ ಪೂರ್ತಿ ಕಪ್ಪಾಗುವುದೇ ಇಲ್ಲ. ಕಂಪನಿಗಳು ಕೊಡುವ ಅಂಕಿ ಸಾಮಾನ್ಯವಾಗಿ 23 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆದದ್ದು. ಡಿಸೆಂಬರಿನ ಬಾಬಾಬುಡನ್‌ಗಿರಿಯಲ್ಲಿ ಅದೇ ಲೆನ್ಸ್ ಅಂಕಿಗಿಂತ ಕಪ್ಪು. ಏಪ್ರಿಲ್ ಮಧ್ಯಾಹ್ನ ಹಂಪಿಯ ಬಂಡೆಗಳ ನಡುವೆ ಅಂಕಿಗಿಂತ ತಿಳಿ.

ಅತಿನೇರಳೆ ತಲುಪದಿದ್ದರೆ ಕೆಲಸವೂ ಇಲ್ಲ. ಕಾರಿನ ಗಾಜು ಅದನ್ನು ತಡೆಯುವುದರಿಂದ ಘಾಟಿ ರಸ್ತೆಯಲ್ಲಿ ಕಾರಿನೊಳಗೆ ಲೆನ್ಸ್ ಕಪ್ಪಾಗುವುದಿಲ್ಲ. ಪಾಲಿಕಾರ್ಬೊನೇಟ್ ಕೂಡ ತಡೆಯುತ್ತದೆ. ಆದ್ದರಿಂದ ಇನ್ಸರ್ಟಿಗೆ ಫೋಟೋಕ್ರೋಮಿಕ್ ಪವರ್ ಲೆನ್ಸ್ ಹಾಕಿಸುವುದು, ಫುಲ್‌ಫೇಸ್ ಹೆಲ್ಮೆಟ್ಟಿನ ಗಾಗಲ್ ಒಳಗೆ ಫೋಟೋಕ್ರೋಮಿಕ್ ಕನ್ನಡಕ ಧರಿಸುವುದು ಹಣ ನೀರಿಗೆ ಸುರಿದಂತೆ. ಬದಲಾಗುವ ಲೆನ್ಸ್ ಯಾವಾಗಲೂ ಎಲ್ಲಕ್ಕಿಂತ ಹೊರಗಿರಬೇಕು. ಉದ್ದನೆಯ ವೈಸರ್ ಕೂಡ ಆಕಾಶದ ಅತಿನೇರಳೆಯನ್ನು ಮರೆಮಾಡಿ ಕಪ್ಪಾಗುವುದನ್ನು ತುಸು ತಗ್ಗಿಸುತ್ತದೆ. ಬೆಳಗಿನ ಓರೆ ಸೂರ್ಯನಲ್ಲಿ ಅತಿನೇರಳೆ ಕಡಿಮೆ. ಕಣ್ಣು ಕುಕ್ಕುತ್ತಿದ್ದರೂ ಲೆನ್ಸ್ ತಿಳಿಯಾಗಿಯೇ ಇರುತ್ತದೆ. ಅದು ಕೆಟ್ಟಿಲ್ಲ, ಅದರ ಸ್ವಭಾವವೇ ಅಷ್ಟು.

ಫೋಟೋಕ್ರೋಮಿಕ್ ಬೇಕೆನಿಸಿದರೆ ದರ್ಜೆಯ ಎರಡೂ ತುದಿ ಕೇಳಿ ತಿಳಿದುಕೊಳ್ಳಿ. 0ಯಿಂದ 2ರ ತನಕ ಹೋಗುವುದು ಕಾಡುದಾರಿಗೆ ಒಳ್ಳೆಯದು. 0–3 ಬಯಲು ಹೆಚ್ಚಿರುವ ದಾರಿಗೆ. 1–3 ಎಂದರೆ ಅತಿ ತಿಳಿಯಾದಾಗಲೂ ಒಂದಿಷ್ಟು ಬಣ್ಣ ಉಳಿದಿರುತ್ತದೆ, ಸಂಜೆ ತಡವಾದರೆ ಕಷ್ಟ. ಅಂಗಡಿಯವರು ಕಪ್ಪಾಗುವ ತುದಿಯನ್ನೇ ಹೆಮ್ಮೆಯಿಂದ ತೋರಿಸುತ್ತಾರೆ, ನೀವು ತಿಳಿಯಾಗುವ ತುದಿಯನ್ನು ಕೇಳಿ.

ಪೋಲರೈಸ್ಡ್, ಮಿರರ್, ಬ್ಲೂ ಕಟ್

ಮೂರೂ ಬೇಡ. ಪೋಲರೈಸ್ಡ್ ಲೆನ್ಸ್ ಒದ್ದೆ ಮೈಯ ಹೊಳಪನ್ನು ಅಳಿಸಿಹಾಕುತ್ತದೆ. ರಸ್ತೆಯಲ್ಲಿ ಅದು ವರ, ಕಾಡಿನಲ್ಲಿ ಶಾಪ: ಬೇರು ಒದ್ದೆಯಾಗಿದೆ, ಬಂಡೆ ಜಾರುತ್ತದೆ ಎಂದು ಕಣ್ಣಿಗೆ ಹೇಳುವುದೇ ಆ ಹೊಳಪು. ಮಿರರ್ ಕೋಟಿಂಗ್ ಬೆಳಕನ್ನು ಇನ್ನಷ್ಟು ತಿನ್ನುತ್ತದೆ, ರೆಂಬೆ ಉಜ್ಜಿದರೆ ಗೀರು ಎದ್ದು ಕಾಣುತ್ತದೆ. ಪರದೆಯ ಮುಂದೆ ಕೂರುವವರಿಗೆಂದು ಮಾರುವ ಬ್ಲೂ ಕಟ್‌ಗೆ ಇಲ್ಲಿ ಕೆಲಸವಿಲ್ಲ.

ಹೆಜ್ಜೆ 5: ಕೋಟಿಂಗ್ ಮತ್ತು ಮಂಜು

ಪಾಲಿಕಾರ್ಬೊನೇಟ್ ಮೆದು, ಎರಡೂ ಕಡೆ ಹಾರ್ಡ್ ಕೋಟ್ ಇಲ್ಲದೆ ತೆಗೆದುಕೊಳ್ಳಬೇಡಿ. ಟಿಂಟ್ ಇರುವ ಲೆನ್ಸಿಗೆ ಆ್ಯಂಟಿ ರಿಫ್ಲೆಕ್ಷನ್ ಒಳಮೈಗೆ ಮಾತ್ರ ಸಾಕು. ಹಿಂದಿನಿಂದ ಬಂದ ಬೆಳಕು ಒಳಮೈಯಲ್ಲಿ ಹೊಳೆದು ನಿಮ್ಮ ಕಣ್ಣೇ ನಿಮಗೆ ಕಾಣುವುದನ್ನು ಅದು ತಪ್ಪಿಸುತ್ತದೆ. ಹೊರಮೈಗೆ ಹಾಕಿದರೆ ಕೆಸರು, ಬೆವರಿನ ಕಲೆ ಎದ್ದು ಕಾಣುತ್ತವೆ, ಉಜ್ಜಿ ಉಜ್ಜಿ ಕೋಟಿಂಗೇ ಕಿತ್ತುಬರುತ್ತದೆ.

ಮಂಜು ಕಟ್ಟುವುದು ಹತ್ತುವಾಗ. ವೇಗ ಗಂಟೆಗೆ ಆರೇಳು ಕಿ.ಮೀ., ಮೈ ಬಿಸಿ, ಗಾಳಿಯಲ್ಲಿ ತೇವ ತುಂಬಿದೆ, ಲೆನ್ಸ್ ತಣ್ಣಗಿದೆ. ಕೋಟಿಂಗಿಗಿಂತ ಮೊದಲು ಫ್ರೇಮ್ ನೋಡಿ: ಹುಬ್ಬಿಗೂ ಫ್ರೇಮಿನ ಮೇಲಂಚಿಗೂ ಸಂದಿರಬೇಕು, ಮೂಗಿನ ಪ್ಯಾಡ್ ಹಿಗ್ಗಿಸಿ ಕುಗ್ಗಿಸುವಂಥದ್ದಾಗಿದ್ದರೆ ಲೆನ್ಸನ್ನು ಒಂದೆರಡು ಮಿ.ಮೀ. ಮುಂದಕ್ಕೆ ತಂದರೂ ಗಾಳಿಯಾಡುತ್ತದೆ. −6 ಪವರ್ ಇರುವವರಿಗೂ 4 ಮಿ.ಮೀ. ಮುಂದೆ ಸರಿದರೆ ಆಗುವ ವ್ಯತ್ಯಾಸ 0.15 ಡಯಾಪ್ಟರ್ ಅಷ್ಟೇ, ನೋಟಕ್ಕೆ ತೊಂದರೆಯಿಲ್ಲ. ಆ್ಯಂಟಿ ಫಾಗ್ ಸ್ಪ್ರೇ ಬಳಸುವ ಮುನ್ನ ಲೆನ್ಸಿನ ಕೋಟಿಂಗ್ ಯಾವುದೆಂದು ಕೇಳಿಕೊಳ್ಳಿ. ನೀರು ಜಾರಿಸುವ ಮೇಲ್ಪದರ ಇರುವ ಲೆನ್ಸಿನ ಮೇಲೆ ಸ್ಪ್ರೇ ಹಿಡಿಯುವುದಿಲ್ಲ, ಹನಿಹನಿಯಾಗಿ ಇನ್ನಷ್ಟು ಮಸುಕು ಮಾಡುತ್ತದೆ. ಅಂಥ ಲೆನ್ಸಿಗೆ ಅದಕ್ಕೆಂದೇ ಬರುವ ಬಟ್ಟೆ ಅಥವಾ ದ್ರವವೇ ಬೇಕು.

ಹೆಜ್ಜೆ 6: ಅಂಗಡಿಗೆ ಹೆಲ್ಮೆಟ್ ಹಿಡಿದು ಹೋಗಿ

ಅಳತೆ ಕೊಡುವಾಗ ಹೆಲ್ಮೆಟ್ ಹಾಕಿ, ಫ್ರೇಮ್ ಹಾಕಿ, ಹ್ಯಾಂಡಲ್ ಹಿಡಿದಂತೆ ಮುಂದಕ್ಕೆ ಬಾಗಿ, ದೂರದ ದಾರಿಯನ್ನು ನೋಡುವಂತೆ ಮುಂದೆ ನೋಡಿ. ಪಾಪೆ ಲೆನ್ಸಿನ ಯಾವ ಎತ್ತರಕ್ಕೆ ಬರುತ್ತದೋ ಅಲ್ಲಿ ಗುರುತು ಹಾಕಿಸಿ. ನೇರ ನಿಂತು ಹಾಕಿದ ಗುರುತಿಗಿಂತ ಅದು ಮೇಲಿರುತ್ತದೆ. ಎರಡರ ನಡುವೆ ಒಂದು ಎತ್ತರ ಆರಿಸಿ, ಅದು ಸವಾರಿಯ ಗುರುತಿನ ಕಡೆಗೇ ಹೆಚ್ಚು ವಾಲಿರಲಿ. ಫ್ರೇಮಿನ ಮೇಲಿನ ಅಂಚು ದಾರಿಗೆ ಅಡ್ಡ ಬಂದರೆ ಆ ಫ್ರೇಮ್ ಬಿಡಿ, ಲೆನ್ಸಿನಿಂದ ಅದನ್ನು ಸರಿಮಾಡಲಾಗದು. ಕನ್ನಡಕದ ಕಡ್ಡಿ ಹೆಲ್ಮೆಟ್ಟಿನ ಹಿಂಬದಿಯ ಪಟ್ಟಿಗೆ ತಾಗುತ್ತದೆಯೇ ಎಂಬುದನ್ನೂ ಅಲ್ಲೇ ನೋಡಿ.

ಆರ್ಡರ್ ಚೀಟಿಯಲ್ಲಿ ಇವೆಲ್ಲ ಇರಲಿ:

ಎರಡೂ ಕಣ್ಣಿನ ಎಸ್‌ಪಿಎಚ್ (ಮುಖ್ಯ ಪವರ್), ಸಿಲಿಂಡರ್, ಆಕ್ಸಿಸ್
ಎರಡೂ ಕಣ್ಣಿನ ಪ್ರತ್ಯೇಕ ಪಿ.ಡಿ., ಕೇಂದ್ರದ ಎತ್ತರ
ಫ್ರೇಮಿನ ಬಾಗು, ಮುಂದಿನ ಓರೆ, ಕಣ್ಣಿನಿಂದ ದೂರ
ಸಿಂಗಲ್ ವಿಷನ್, ಪಾಲಿಕಾರ್ಬೊನೇಟ್ ಅಥವಾ ಟ್ರೈವೆಕ್ಸ್, ಮಧ್ಯದ ದಪ್ಪ 2 ಮಿ.ಮೀ.
ಟಿಂಟ್: ತಾಮ್ರ ಛಾಯೆ, ಶೇ. 50 ಬೆಳಕು ಬಿಡುವಂಥದ್ದು

ಟಿಂಟಿನ ಮಾತಿನಲ್ಲಿ ಒಂದು ಗೊಂದಲ ಸದಾ ಆಗುತ್ತದೆ. ಅಂಗಡಿಯಲ್ಲಿ "ಶೇ. 80 ಟಿಂಟ್" ಎಂದರೆ ಶೇ. 80 ಬೆಳಕು ತಡೆಯುವುದು, ಅಂದರೆ ಬಿಡುವುದು 20. ವಿಎಲ್‌ಟಿ 80 ಎಂದರೆ ಅದರ ತದ್ವಿರುದ್ಧ. "ಬಿಡುವುದು ಎಷ್ಟು" ಎಂದೇ ಬರೆಸಿ.

ಹೆಜ್ಜೆ 7: ಬಂದ ಮೇಲೆ ಪರೀಕ್ಷೆ

ಲೆನ್ಸೋಮೀಟರಿನಲ್ಲಿ ಪವರ್ ತೋರಿಸಲು ಹೇಳಿ. ಬಾಗಿಗೆ ತಿದ್ದಿದ ಲೆನ್ಸಿನ ಅಂಕಿ ನಿಮ್ಮ ಚೀಟಿಗೆ ಹೊಂದುವುದಿಲ್ಲ, ಲ್ಯಾಬು ಕೊಟ್ಟ ತಿದ್ದಿದ ಪವರಿನ ಚೀಟಿಗೆ ಹೊಂದಬೇಕು. ಆ ಚೀಟಿ ಬಂದಿಲ್ಲ, ಅಂಕಿ ವೈದ್ಯರ ಚೀಟಿಯಂತೆಯೇ ಇದೆ ಎಂದಾದರೆ ತಿದ್ದುವಿಕೆ ನಡೆದೇ ಇಲ್ಲ. ಬಾಗಿಲ ಚೌಕಟ್ಟನ್ನು ನೋಡುತ್ತ ತಲೆ ಆಡಿಸಿ. ಅಂಚಿನಲ್ಲಿ ಗೆರೆ ತುಸು ಬಾಗಿದರೆ ಪರವಾಗಿಲ್ಲ, ನಡುವಿನಲ್ಲೇ ಬಾಗಿದರೆ ವಾಪಸ್ ಕೊಡಿ. ಮೆಟ್ಟಿಲು ಇಳಿದು ನೋಡಿ, ನೆಲ ತೇಲಿದಂತಾಗಬಾರದು. ಫೋಟೋಕ್ರೋಮಿಕ್ ಆದರೆ ಲೆನ್ಸಿನ ಮೇಲೊಂದು ನಾಣ್ಯ ಇಟ್ಟು ಬಿಸಿಲಿನಲ್ಲಿ ಎರಡು ನಿಮಿಷ ಬಿಡಿ. ನಾಣ್ಯದ ಅಡಿ ತಿಳಿಯಾಗಿ ಉಳಿದ ವೃತ್ತ ಎಷ್ಟು ಹೊತ್ತಿಗೆ ಮಾಯವಾಗುತ್ತದೆ ಎಂದು ನೆರಳಿನಲ್ಲಿ ಗಡಿಯಾರ ಹಿಡಿದು ನೋಡಿದರೆ ಲೆನ್ಸಿನ ನಿಜವಾದ ವೇಗ ತಿಳಿಯುತ್ತದೆ.

ಮೊದಲ ಸವಾರಿ ಗೊತ್ತಿರುವ ಸುಲಭದ ದಾರಿಯಲ್ಲಿ, ನಿಧಾನಕ್ಕೆ ಇರಲಿ. ಹೊಸ ಬಾಗಿಗೆ ಕಣ್ಣು ಒಗ್ಗಲು ಕೆಲವು ದಿನ ಬೇಕು. ವಾರ ಕಳೆದರೂ ತಲೆನೋವು, ನೆಲದ ದೂರ ತಪ್ಪುವುದು ನಿಲ್ಲದಿದ್ದರೆ ಅಳತೆ ತಪ್ಪಿದೆ. ಸಹಿಸಿಕೊಳ್ಳಬೇಡಿ, ಮತ್ತೆ ಮಾಡಿಸಿ.

ಬಾಳಿಕೆ

ಒಣಗಿದ ಕೆಸರನ್ನು ಜರ್ಸಿಯಿಂದ ಒರೆಸಿದರೆ ಮೊದಲ ದಿನವೇ ಗೀರು ಬೀಳುತ್ತದೆ. ಬಾಟಲಿ ನೀರು ಸುರಿದು ಮಣ್ಣು ಇಳಿಸಿ, ಆಮೇಲೆ ಮೈಕ್ರೋಫೈಬರ್ ಬಟ್ಟೆ. ಅಸಿಟೋನ್, ಥಿನ್ನರ್, ಚೈನಿಗೆ ಹಾಕುವ ಡೀಗ್ರೀಸರ್ ಪಾಲಿಕಾರ್ಬೊನೇಟನ್ನು ಬಿರುಕು ಬಿಡಿಸುತ್ತವೆ. ಸೊಳ್ಳೆ, ಜಿಗಣೆಗೆಂದು ಹಚ್ಚಿಕೊಳ್ಳುವ ಡೀಟ್ ಇರುವ ಮುಲಾಮು ಕೂಡ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ, ಕೈ ತೊಳೆಯದೆ ಕನ್ನಡಕ ಮುಟ್ಟಬೇಡಿ. ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲಿಟ್ಟರೆ ಲೆನ್ಸೂ ಕೋಟಿಂಗೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಜೇಡರಬಲೆಯಂಥ ಸೀಳು ಮೂಡುತ್ತದೆ, ಅದಕ್ಕೆ ದುರಸ್ತಿಯಿಲ್ಲ. ಫೋಟೋಕ್ರೋಮಿಕ್ ಲೆನ್ಸ್ ಎರಡು ಮೂರು ವರ್ಷದಲ್ಲಿ ದಣಿಯುತ್ತದೆ: ಬಿಸಿಲಿನಲ್ಲಿ ಮೊದಲಿನಷ್ಟು ಕಪ್ಪಾಗುವುದಿಲ್ಲ, ನೆರಳಿನಲ್ಲಿ ಹಳದಿ ಉಳಿಯುತ್ತದೆ. ಗೀರು, ಹಳದಿ ಎರಡೂ ನೆರಳಿನ ನೋಟವನ್ನೇ ಮೊದಲು ಕೆಡಿಸುತ್ತವೆ. ಆ ಹಂತಕ್ಕೆ ಬಂದ ಲೆನ್ಸನ್ನು ಪೇಟೆಯ ಓಡಾಟಕ್ಕೆ ಇಟ್ಟುಕೊಂಡು, ಕಾಡಿಗೆ ಹೊಸ ಜೊತೆ ಮಾಡಿಸಿ. ಮಾಡಿಸುವ ಮೊದಲು ಮತ್ತೊಮ್ಮೆ ಕಣ್ಣು ಪರೀಕ್ಷೆ.